ನಿಂತು ಕುಡಿಯುವ ಊರು, ಕೂತು ಕುಡಿಯುವ ಊರು

ಅಮ್ಮ ಚಮಚ ಕೆಳಗಿಟ್ಟ ಆ ರಾತ್ರಿಯನ್ನು ನಾನು ಇನ್ನೂ ಮರೆತಿಲ್ಲ. ರೋಮ್‌ಗೆ ಬಂದಿಳಿದ ಮೊದಲ ದಿನ ಅದು. ಎರಡು ವಿಮಾನ ಬದಲಾಯಿಸಿ ಬಂದಿದ್ದೆವು. ಅಮ್ಮ, ನನ್ನ ಗಂಡ, ನಾನು, ಮೂವರಿಗೂ ಹಸಿವು, ನಿದ್ದೆ ಎರಡೂ ಒಟ್ಟಿಗೆ ಬಂದಿತ್ತು. ಊರಿನ ನಡುವೆ ಒಂದು ದೊಡ್ಡ ಚೌಕ, ನಡುವೆ ಕಾರಂಜಿ, ಸುತ್ತ ಸಾಲಾಗಿ ಹೋಟೆಲು. ಬಾಗಿಲಲ್ಲಿ ನಿಂತವರು ಆರು ಭಾಷೆಯ ಮೆನು ಹಿಡಿದು ಕರೆಯುತ್ತಿದ್ದರು. ಒಂದರೊಳಗೆ ಹೋಗಿ ಕೂತೆವು. "ವೆಜಿಟೇರಿಯನ್?" ಅಂತ ಎರಡು ಸಲ ಕೇಳಿದೆ. "ಯೆಸ್ ಯೆಸ್" ಅಂದರು. ಬಟಾಣಿ ಹಾಕಿದ ಪಾಸ್ತಾ ಬಂತು. ಅಮ್ಮ ನಾಲ್ಕು ತುತ್ತು ತಿಂದಮೇಲೆ ತಟ್ಟೆಯ ಅಂಚಿಗೆ ಏನನ್ನೋ ಸರಿಸಿದಳು. ಸಣ್ಣ ಸಣ್ಣ ಗುಲಾಬಿ ಬಣ್ಣದ ಚೂರು. ಹಂದಿಮಾಂಸ. ಅಮ್ಮ ಏನೂ ಹೇಳಲಿಲ್ಲ. ಚಮಚ ಕೆಳಗಿಟ್ಟು ನೀರು ಕುಡಿದು ಸುಮ್ಮನೆ ಕೂತಳು. ಬಿಲ್ ಬಂದಾಗ ಕೇಳದ ಬ್ರೆಡ್ಡಿಗೂ ದುಡ್ಡು, ಕೂತದ್ದಕ್ಕೂ ದುಡ್ಡು, ಬಾಟಲಿ ನೀರಿಗೂ ದುಡ್ಡು. ದುಡ್ಡು ಹೋದದ್ದು ನನಗೆ ಅಷ್ಟು ನೋಯಲಿಲ್ಲ. ಅರವತ್ತೆಂಟು ವರ್ಷ ಮಾಂಸ ಮುಟ್ಟದ ಅಮ್ಮನ ಬಾಯಿಗೆ ನಾನೇ ಕರೆದುಕೊಂಡು ಬಂದು ಅದನ್ನು ಹಾಕಿಸಿದೆನಲ್ಲ ಅನ್ನೋದು ನೋಯಿತು.

ಹೊರಡುವ ಮುಂಚೆ ನಾನು ಮಾಡಿದ ಪಟ್ಟಿಯಲ್ಲಿ ಎಲ್ಲ ಇತ್ತು. ಯಾವ ಮ್ಯೂಸಿಯಂಗೆ ಎಷ್ಟು ಗಂಟೆಗೆ ಟಿಕೆಟ್, ಯಾವ ರೈಲು, ಯಾವ ಪ್ಲಾಟ್‌ಫಾರ್ಮ್. ಊಟದ ಕಾಲಂನಲ್ಲಿ "ಹತ್ತಿರದಲ್ಲಿ ಎಲ್ಲಾದರೂ" ಅಂತ ಬರೆದಿದ್ದೆ. ರೋಮ್ ನಾಲ್ಕು ದಿನ, ಪ್ರಾಗ್ ಎರಡು, ವಿಯೆನ್ನಾ ಮೂರು, ಬುಡಾಪೆಸ್ಟ್ ನಾಲ್ಕು. ಹದಿಮೂರು ದಿನ ಅಂದರೆ ದಿನಕ್ಕೆ ಮೂರರಂತೆ ಸುಮಾರು ನಲವತ್ತು ಸಲ ಊಟ ತಿಂಡಿ. ಪ್ರವಾಸದಲ್ಲಿ ನಾವು ಜಾಸ್ತಿ ಸಲ ಮಾಡುವ ಕೆಲಸವೇ ಅದು. ಅದಕ್ಕೇ ನಾನು ಯೋಚನೆ ಮಾಡಿರಲಿಲ್ಲ.

ಆ ರಾತ್ರಿ ರೂಮಿನಲ್ಲಿ ಅಮ್ಮ ತಂದಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ತಿಂದೆವು. (ಇಲ್ಲೊಂದು ಮಾತು. ಭಾರತದಿಂದ ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ, ಖೋವಾ ಯಾವುದೂ ಬೇಡ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಮನೆಯಲ್ಲೇ ಬಿಟ್ಟುಬಿಡಿ. ಚಟ್ನಿಪುಡಿ, ಅವಲಕ್ಕಿ, ಮೆಂತ್ಯದ ಹಿಟ್ಟಿಗೆ ನಮಗೆ ಯಾರೂ ಅಡ್ಡಿ ಮಾಡಲಿಲ್ಲ.)

ರೋಮ್‌ನಲ್ಲಿ ಒಂದು ದರ್ಶಿನಿ

ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಅಮ್ಮನಿಗೆ ಕಾಫಿ ಬೇಕಿತ್ತು. ಚೌಕದ ಕಡೆ ಹೋಗಲು ಮನಸ್ಸಾಗಲಿಲ್ಲ. ನಾವಿದ್ದ ಮನೆಯ ಕೆಳಗೇ ಒಂದು ಸಣ್ಣ ಬಾರ್ ಇತ್ತು. ಇಟಲಿಯಲ್ಲಿ ಬಾರ್ ಅಂದರೆ ಬೆಳಿಗ್ಗೆ ಕಾಫಿ ಸಿಗುವ ಜಾಗ. ಹೆಸರು ಕೇಳಿ ಅಮ್ಮ ಹಿಂಜರಿದಳು. ಒಳಗೆ ನೋಡಿದರೆ ಆಫೀಸಿಗೆ ಹೋಗುವವರು, ಕಸ ಗುಡಿಸುವ ಸಮವಸ್ತ್ರದವರು, ಸ್ಕೂಲ್ ಬ್ಯಾಗ್ ಹಿಡಿದ ಮಗುವಿನ ತಾಯಿ. ಎಲ್ಲರೂ ನಿಂತಿದ್ದರು. ಮೊದಲು ಗಲ್ಲಾದಲ್ಲಿ ದುಡ್ಡು ಕೊಡುವುದು, ಚೀಟಿ ತೆಗೆದುಕೊಳ್ಳುವುದು, ಆ ಚೀಟಿಯನ್ನು ಕೌಂಟರಿನ ಕಲ್ಲಿನ ಮೇಲಿಡುವುದು. ಕಾಫಿ ಮಾಡುವಾತ ಚೀಟಿ ನೋಡಿ, ಮೂಲೆ ಸ್ವಲ್ಪ ಹರಿದು ಪಕ್ಕಕ್ಕಿಡುತ್ತಾನೆ. ಮೂವತ್ತು ಸೆಕೆಂಡಿನಲ್ಲಿ ಕಪ್ ಬರುತ್ತದೆ. ಎರಡು ಗುಟುಕು, "ಚಾವ್", ಹೊರಗೆ. ಅಮ್ಮ ಒಂದು ನಿಮಿಷ ನೋಡಿ "ಇದು ನಮ್ಮ ದರ್ಶಿನಿ ಕಣೆ" ಅಂದಳು. ಅವಳ ಮುಖದಲ್ಲಿ ಹಿಂದಿನ ರಾತ್ರಿಯ ಭಯ ಹೋಗಿತ್ತು. ಕೂಪನ್ ತಗೊಂಡು, ನಿಂತು, ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು ಬಸ್ಸು ಹಿಡಿಯುವುದು ಅವಳಿಗೆ ನಲವತ್ತು ವರ್ಷದ ಅಭ್ಯಾಸ.

ನಿಂತು ಕುಡಿದರೆ ಎಸ್ಪ್ರೆಸೊಗೆ ಒಂದು ಯೂರೋ ಚಿಲ್ಲರೆ. ಅದೇ ಕಾಫಿಯನ್ನು ಮೇಜಿಗೆ ತರಿಸಿಕೊಂಡರೆ ಬೆಲೆ ಬೇರೆ. ಚೌಕಗಳ ಬಳಿ ಅದು ನಾಲ್ಕೈದು ಪಟ್ಟು ಏರುತ್ತದೆ. ಬೆಲೆಪಟ್ಟಿಯಲ್ಲೇ ಎರಡು ಸಾಲು ಇರುತ್ತದೆ. 'ಆಲ್ ಬಾಂಕೊ' ಅಂದರೆ ಕೌಂಟರಿನಲ್ಲಿ, 'ಆಲ್ ತಾವೊಲೊ' ಅಂದರೆ ಮೇಜಿನಲ್ಲಿ. ಇಲ್ಲಿ ಕಾಫಿಗೆ ಒಂದು ಬೆಲೆ, ಕೂರುವ ಜಾಗಕ್ಕೆ ಇನ್ನೊಂದು ಬೆಲೆ ಅನ್ನೋದು ನನಗೆ ಆಗ ತಿಳಿಯಿತು. ಹಿಂದಿನ ರಾತ್ರಿ ನಾವು ಕೊಟ್ಟ ದುಡ್ಡಲ್ಲಿ ಅರ್ಧ ಆ ಕಾರಂಜಿ ನೋಡುತ್ತಾ ಕೂತದ್ದಕ್ಕೆ.

ಎಸ್ಪ್ರೆಸೊ ಅಮ್ಮನಿಗೆ ಕಹಿ ಅನ್ನಿಸಿತು. "ಇದು ಬರೀ ಡಿಕಾಕ್ಷನ್, ಹಾಲು ಕೊಡೋಕೆ ಹೇಳು" ಅಂದಳು. 'ಲಾತ್ತೆ ಕಾಲ್ದೊ' ಅಂದರೆ ಬಿಸಿ ಹಾಲು. ಒಂದು ಸಣ್ಣ ಜಗ್ಗಿನಲ್ಲಿ ಕೊಟ್ಟರು. ಅಮ್ಮ ತಾನೇ ಬೆರೆಸಿಕೊಂಡಳು, ಸಕ್ಕರೆ ಹಾಕಿಕೊಂಡಳು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಅಮ್ಮನ ತವರು ಮೂಡಿಗೆರೆ ಕಡೆ. ಅವಳಿಗೆ ಆಗ ಹೇಳಿದೆ. ನಮ್ಮ ದೇಶದ ಕಾಫಿಯನ್ನು ಬಹಳ ವರ್ಷದಿಂದ ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. ಅದರಲ್ಲಿ ರೋಬಸ್ಟಾ ಬಗೆಯದ್ದು ಜಾಸ್ತಿ. ಎಸ್ಪ್ರೆಸೊ ಮೇಲೆ ಆ ಕಂದು ನೊರೆ ದಪ್ಪಗೆ ನಿಲ್ಲಲು ರೋಬಸ್ಟಾ ಸಹಾಯ ಮಾಡುತ್ತದೆ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಹಾಗಾದರೆ ಈ ಕಪ್ಪಿನಲ್ಲಿ ಕೊಡಗಿನದ್ದೋ ಚಿಕ್ಕಮಗಳೂರಿನದ್ದೋ ನಾಲ್ಕು ಬೀಜ ಇದ್ದರೂ ಇರಬಹುದು. ಅಮ್ಮ ಕಪ್ಪನ್ನು ತಿರುಗಿಸಿ ನೋಡಿದಳು. "ಅದಕ್ಕೇ ಗುರುತು ಸಿಕ್ತು" ಅಂದಳು. ಉಳಿದ ಮೂರು ದಿನವೂ ಅದೇ ಬಾರ್. ಮೂರನೇ ದಿನ ಕೇಳುವ ಮುಂಚೆಯೇ ಹಾಲಿನ ಜಗ್ಗು ಬಂತು.

ಊಟಕ್ಕೂ ಅದೇ ದಾರಿ ಹಿಡಿದೆವು. ರೋಮ್‌ನಲ್ಲಿ 'ಪಿಜ್ಜಾ ಆಲ್ ತಾಲ್ಯೊ' ಅಂಗಡಿಗಳು ಬೀದಿಬೀದಿಗೂ ಇವೆ. ಉದ್ದನೆಯ ತಟ್ಟೆಯಲ್ಲಿ ಬೇಯಿಸಿದ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ, ತೂಗಿ ಕೊಡುತ್ತಾರೆ. ಕೈಯಲ್ಲಿ ಅಳತೆ ತೋರಿಸಿದರೆ ಸಾಕು. ಆಲೂಗೆಡ್ಡೆಯ ತೆಳು ಬಿಲ್ಲೆ, ರೋಸ್ಮರಿ, ಉಪ್ಪು, ಎಣ್ಣೆ ಇಷ್ಟೇ ಇರುವ ಒಂದು ಬಗೆ ಇದೆ. ಅಮ್ಮನಿಗೆ ಅದು ಹಿಡಿಸಿತು. ಚೀಸ್ ವಿಷಯಕ್ಕೆ ಬಂದರೆ ಸ್ವಲ್ಪ ಎಚ್ಚರ ಬೇಕು. ಪಾರ್ಮೆಸಾನ್ ಅನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪು ಹಾಕುತ್ತಾರೆ. ರೋಮ್‌ನ ಪೆಕೊರಿನೊಗೆ ಕುರಿಮರಿಯದ್ದು. ಕಟ್ಟುನಿಟ್ಟಾಗಿ ಇರುವವರಿಗೆ ಇದು ಗೊತ್ತಿರಲಿ. ಚೀಸೇ ಇಲ್ಲದ 'ಮರಿನಾರಾ' ಪಿಜ್ಜಾ ಎಲ್ಲ ಕಡೆ ಸಿಗುತ್ತದೆ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಕುಂಬಳದ ಹೂವಿನ ಬೋಂಡಾದಂಥ ಒಂದು ತಿಂಡಿ ನೋಡಿ ಅಮ್ಮನಿಗೆ ಆಸೆಯಾಯಿತು. ಕೇಳಿದೆ. ಒಳಗೆ ಆಂಚೋವಿ ಮೀನು ಇಟ್ಟಿರುತ್ತಾರಂತೆ. ಆಗಿನಿಂದ "ವೆಜಿಟೇರಿಯನ್" ಅನ್ನುವ ಪದವನ್ನು ಬಿಟ್ಟೆ. ಆ ಪದಕ್ಕೆ ಒಬ್ಬೊಬ್ಬರ ಅರ್ಥ ಒಂದೊಂದು. ಸಾರಿನ ನೀರು ಮಾಂಸ ಬೇಯಿಸಿದ್ದಾದರೂ ಕೆಲವರಿಗೆ ಅದು ತರಕಾರಿ ಸೂಪೇ. "ಮಾಂಸ ಇಲ್ಲದೆ, ಮೀನು ಇಲ್ಲದೆ" ಅಂತ ಆ ಊರಿನ ಮಾತಲ್ಲೇ ಹೇಳುವುದು ಒಳ್ಳೆಯದು. ಇಟಲಿಯಲ್ಲಿ 'ಸೆನ್ಜಾ ಕಾರ್ನೆ, ಸೆನ್ಜಾ ಪೆಶ್ಶೆ'. ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಚೀಲದಲ್ಲಿಟ್ಟೆ. ಮುಂದಿನ ಊರುಗಳಿಗೂ ಒಂದೊಂದು ಚೀಟಿ.

ನೀರಿನ ಬಗ್ಗೆಯೂ ಹೇಳಬೇಕು. ರೋಮ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೀದಿನಲ್ಲಿಗಳಿವೆ. ನಾಸೋನಿ ಅಂತ ಹೆಸರು, ಅಂದರೆ ದೊಡ್ಡ ಮೂಗು. 1874ರಿಂದ ಹಾಕುತ್ತಾ ಬಂದಿದ್ದಾರೆ. ಹಗಲೂ ರಾತ್ರಿ ತಣ್ಣಗೆ ಹರಿಯುತ್ತಿರುತ್ತದೆ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ, ಮೇಲಿರುವ ಸಣ್ಣ ತೂತಿನಿಂದ ನೀರು ಬಿಲ್ಲಿನಂತೆ ಚಿಮ್ಮುತ್ತದೆ. ಬಗ್ಗದೆ ಕುಡಿಯಬಹುದು. ಒಬ್ಬ ಹುಡುಗ ಅಮ್ಮನಿಗೆ ಇದನ್ನು ತೋರಿಸಿಕೊಟ್ಟ. ಜೂನ್ ಬಿಸಿಲಲ್ಲಿ ಅಮ್ಮ ಮುಖಕ್ಕೆಲ್ಲ ನೀರು ಹಾರಿಸಿಕೊಂಡು ನಿಂತಿದ್ದಳು. ನಾವು ಆಮೇಲೆ ರೋಮ್‌ನಲ್ಲಿ ಒಂದೇ ಒಂದು ಬಾಟಲಿ ನೀರು ಕೊಳ್ಳಲಿಲ್ಲ.

ಪ್ರಾಗ್ ಬಗ್ಗೆ ಹೆಚ್ಚು ಹೇಳಲಾರೆ. ಎರಡೇ ದಿನ ಇದ್ದದ್ದು. ಅದು ಬಿಯರಿನ ಊರು, ನನ್ನ ಗಂಡನಿಗೆ ಹಿಡಿಸಿದ ಊರು. ಅಲ್ಲಿ 'ಹೊಸ್ಪೊಡಾ' ಅನ್ನುವ ಜಾಗಗಳಲ್ಲಿ ಖಾಲಿ ಕುರ್ಚಿ ಇದ್ದರೆ "ಯೇ ತು ವೊಲ್ನೊ?" ಅಂತ ಕೇಳಿ ಪರಿಚಯ ಇಲ್ಲದವರ ಮೇಜಿಗೇ ಕೂರಬಹುದು. ಗ್ಲಾಸು ಖಾಲಿಯಾಗುತ್ತಿದ್ದಂತೆ ಇನ್ನೊಂದು ತಂದಿಟ್ಟು, ಮೇಜಿನ ಮೇಲಿನ ಚೀಟಿಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಹೋಗುತ್ತಾರೆ. ಸಾಕು ಅನ್ನಿಸಿದರೆ ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಬೋರ್ಡಿನ ಮೇಲೆ 10, 12 ಅಂತ ಬರೆದಿರುವುದು ಮದ್ಯದ ಪ್ರಮಾಣ ಅಲ್ಲ, ಕುದಿಸಿದ ಮಾಲ್ಟಿನ ರಸದಲ್ಲಿರುವ ಸಕ್ಕರೆಯ ಲೆಕ್ಕ. ಹತ್ತು ಅಂದರೆ ಸುಮಾರು ನಾಲ್ಕು ಪರ್ಸೆಂಟ್, ಹನ್ನೆರಡು ಅಂದರೆ ಐದರ ಆಸುಪಾಸು. ಇಡೀ ಲೋಕ ಕುಡಿಯುವ ಬಂಗಾರ ಬಣ್ಣದ ಪಿಲ್ಸ್ನರ್ ಹುಟ್ಟಿದ್ದು ಅಲ್ಲೇ ಹತ್ತಿರದ ಪ್ಲ್ಜೆನ್ ಊರಲ್ಲಿ, 1842ರಲ್ಲಿ. ಅಮ್ಮ ಕೊಫೊಲಾ ಕುಡಿದಳು. ಗಿಡಮೂಲಿಕೆಯ ವಾಸನೆಯ ಕೋಲಾ, 1960ರಿಂದ ಅಲ್ಲಿನ ಮಕ್ಕಳು ಕುಡಿದು ಬೆಳೆದದ್ದು. "ಕಷಾಯಕ್ಕೆ ಸೋಡಾ ಹಾಕಿದ ಹಾಗಿದೆ" ಅಂದು ಇನ್ನೊಂದು ಗ್ಲಾಸು ತರಿಸಿಕೊಂಡಳು. ಹಳೇ ಊರಿನ ತುಂಬ ಸಿಗುವ ತ್ರ್ದೆಲ್ನಿಕ್ ಅನ್ನುವ ಸುರುಳಿ ಬ್ರೆಡ್ಡನ್ನು ಪ್ರಾಗ್‌ನ ಹಳೇ ತಿಂಡಿ ಅಂತ ನಂಬಬೇಡಿ. ಅದು ಪ್ರವಾಸಿಗರಿಗಾಗಿ ಈಚೆಗೆ ಬಂದದ್ದು.

ಒಂದು ಕಾಫಿಗೆ ಎರಡೂವರೆ ಗಂಟೆ

ವಿಯೆನ್ನಾಗೆ ಬಂದದ್ದು ಭಾನುವಾರ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆಸ್ಟ್ರಿಯಾದಲ್ಲಿ ಭಾನುವಾರ ಹಾಲು ಬೇಕಾದರೆ ಹೆಚ್ಚಾಗಿ ದೊಡ್ಡ ರೈಲ್ವೆ ಸ್ಟೇಷನ್ನಿನ ಸೂಪರ್ ಮಾರ್ಕೆಟ್ಟೇ ಗತಿ. ನಾವು ಇಳಿದದ್ದೇ ಅಲ್ಲಿ, ಗೊತ್ತಿದ್ದರಿಂದ ಅಲ್ಲೇ ಅಕ್ಕಿ, ಮೊಸರು, ಬಾಳೆಹಣ್ಣು ಕೊಂಡು ಹೊರಬಿದ್ದೆವು.

ಸೋಮವಾರ ಮಳೆ ಹಿಡಿಯಿತು. 1880ರಲ್ಲಿ ಶುರುವಾದ ಕಫೆ ಶ್ಪೆರ್ಲ್‌ಗೆ ಹೋದೆವು. ಹಳೇ ಮರದ ನೆಲ, ಕಿಟಕಿ ಪಕ್ಕದಲ್ಲಿ ಬಟ್ಟೆ ಹೊದೆಸಿದ ಬೆಂಚು, ಮರದ ಕಡ್ಡಿಗೆ ಸಿಕ್ಕಿಸಿದ ದಿನಪತ್ರಿಕೆಗಳು. ರೋಮ್‌ನ ಅಭ್ಯಾಸದಲ್ಲಿ ನಾನು ಕೌಂಟರ್ ಹುಡುಕಿದೆ. ಇಲ್ಲಿ ಕೂರಬೇಕು, ಅವರೇ ಬರುತ್ತಾರೆ. ಬರೀ "ಕಾಫಿ" ಅಂದರೆ ಸಾಲದು. ಮೆಲಾಂಜ್ ಅಂದರೆ ಅರ್ಧ ಕಾಫಿ ಅರ್ಧ ಹಾಲು, ಮೇಲೆ ನೊರೆ. ನಮ್ಮ ನಾಲಿಗೆಗೆ ಹತ್ತಿರದ್ದು ಅದೇ. ಐನ್‌ಶ್ಪೆನರ್ ಅಂದರೆ ಗಾಜಿನ ಲೋಟದಲ್ಲಿ ಕರಿ ಕಾಫಿ, ಮೇಲೆ ದಪ್ಪಗೆ ಕೆನೆ. ಒಂಟಿ ಕುದುರೆ ಗಾಡಿ ಅಂತ ಅದರ ಅರ್ಥ.

ಕಾಫಿ ಬಂದ ರೀತಿಯನ್ನು ನೋಡಬೇಕಿತ್ತು. ಅಂಡಾಕಾರದ ಸಣ್ಣ ಲೋಹದ ತಟ್ಟೆ. ಅದರ ಮೇಲೆ ಕಾಫಿಯ ಕಪ್. ಪಕ್ಕದಲ್ಲಿ ಒಂದು ಸಣ್ಣ ಲೋಟ ನೀರು. ಆ ಲೋಟದ ಬಾಯಿಗೆ ಅಡ್ಡಲಾಗಿ, ಬೋರಲು ಮಲಗಿಸಿದ ಚಮಚ. ಅಮ್ಮ ಅದನ್ನು ಎತ್ತದೆ ಸ್ವಲ್ಪ ಹೊತ್ತು ಹಾಗೇ ನೋಡಿದಳು. ಮನೆಗೆ ನೆಂಟರು ಬಂದಾಗ ಅವಳು ಹೀಗೇ, ಕಾಫಿಯ ಜೊತೆ ಮರೆಯದೆ ನೀರಿನ ಲೋಟ ಇಡುತ್ತಾಳೆ. ನಾವು ಅಲ್ಲಿ ಎರಡೂವರೆ ಗಂಟೆ ಕೂತೆವು. ಮೂರು ಕಾಫಿ, ಒಂದು ಸೇಬಿನ ಸ್ಟ್ರೂಡೆಲ್, ಅಷ್ಟೇ. ಯಾರೂ ಬಿಲ್ ತರಲಿಲ್ಲ. "ಇನ್ನೇನು ಬೇಕು" ಅಂತ ಕೇಳಲಿಲ್ಲ. ಖಾಲಿಯಾದ ನೀರಿನ ಲೋಟ ಹೋಗಿ ತುಂಬಿದ್ದು ಬಂತು. ನನ್ನ ಗಂಡ ಅರ್ಥವಾಗದ ಭಾಷೆಯ ಪತ್ರಿಕೆಯಲ್ಲಿ ಹವಾಮಾನದ ನಕ್ಷೆ ನೋಡಿದ. ಅಮ್ಮ ತನ್ನ ಮದುವೆಗೆ ಮುಂಚಿನ ಮಾತು ತೆಗೆದಳು. ಕಾಫಿ ಕುಯ್ಲಿನ ದಿನಗಳಲ್ಲಿ ತನ್ನ ಅಜ್ಜಿ ಕೆಲಸದವರಿಗೆಲ್ಲ ಬೆಲ್ಲದ ಕಾಫಿ ಕಾಯಿಸುತ್ತಿದ್ದದ್ದು, ಒಂದು ವರ್ಷ ಹೂಮಳೆ ಬಾರದೆ ಇಡೀ ಮನೆ ಮಂಕಾಗಿದ್ದದ್ದು. ಈ ಕಥೆಗಳನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ನಾವು ಇಷ್ಟು ಹೊತ್ತು ಒಂದೇ ಮೇಜಿಗೆ ಕೂತದ್ದಾದರೂ ಯಾವಾಗ?

ಇಲ್ಲಿ ಕಾಫಿ ರೋಮ್‌ಗಿಂತ ಮೂರ್ನಾಲ್ಕು ಪಟ್ಟು ದುಬಾರಿ. ಆದರೆ ನನಗೆ ಅದು ಹೆಚ್ಚು ಅನ್ನಿಸಲಿಲ್ಲ. ಆ ಬೆಲೆಯಲ್ಲಿ ಮೇಜು ಬಂತು, ಬೆಂಚು ಬಂತು, ಮಳೆಯ ಕಿಟಕಿ ಬಂತು, ಅಮ್ಮನ ಕಥೆ ಬಂತು. ವಿಯೆನ್ನಾದ ಈ ಕಾಫಿಮನೆಯ ರೂಢಿಯನ್ನು ಆಸ್ಟ್ರಿಯಾ 2011ರಲ್ಲಿ ಯುನೆಸ್ಕೋ ಪರಂಪರೆಯ ತನ್ನ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿದೆ. ಹೆಸರುವಾಸಿಯಾದ ಒಂದೆರಡು ಕಫೆಗಳ ಮುಂದೆ ಫೋಟೋಗಾಗಿ ಉದ್ದ ಸಾಲು ಇರುತ್ತದೆ. ಸಾಲು ನಿಂತು ಒಳಗೆ ಹೋದವರು ಹಾಯಾಗಿ ಕೂರುವುದು ಕಷ್ಟ, ಹಿಂದೆ ಕಾಯುವವರ ಕಣ್ಣು ಬೆನ್ನ ಮೇಲೆ ಇರುತ್ತದಲ್ವಾ. ಎರಡು ಬೀದಿ ಆಚೆ ಹೋಗಿ, ಸಾಲು ಇಲ್ಲದ್ದನ್ನು ಹುಡುಕಿ ಅನ್ನುವುದೇ ನನ್ನ ಮಾತು.

ಆ ನೀರು ಕೂಡ ಸಾಮಾನ್ಯದ್ದಲ್ಲ. ಆಲ್ಪ್ಸ್ ಬೆಟ್ಟಗಳ ಊಟೆ ನೀರು ಅದು. ಎರಡು ಉದ್ದನೆಯ ಕಾಲುವೆಗಳಲ್ಲಿ ಬರುತ್ತದೆ, ಒಂದು 1873ರದ್ದು, ಇನ್ನೊಂದು 1910ರದ್ದು. ಎರಡನೆಯದು ಸುಮಾರು 180 ಕಿಲೋಮೀಟರ್ ಉದ್ದ. ಪಂಪು ಇಲ್ಲದೆ, ಇಳಿಜಾರಿನಲ್ಲೇ ಹರಿದು ಊರು ಸೇರುತ್ತದೆ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲಕ್ಕೆತ್ತಿ ತರುವ ಬೆಂಗಳೂರಿನಿಂದ ಹೋದ ನನಗೆ ಆ ಸಣ್ಣ ಲೋಟ ನೋಡಿ ಆಸೆಯಾಯಿತು.

ಸಬ್ಬಸಿಗೆ ಸೊಪ್ಪಿನ ವಾಸನೆ

ಬುಡಾಪೆಸ್ಟ್‌ಗೆ ಬರುವ ಹೊತ್ತಿಗೆ ನಮಗೆ ಒಂದು ಲೆಕ್ಕ ಗೊತ್ತಾಗಿತ್ತು. ವಾರದ ದಿನ ಮಧ್ಯಾಹ್ನವೇ ದೊಡ್ಡ ಊಟ ಮಾಡಬೇಕು. ಕೆಲಸಕ್ಕೆ ಹೋಗುವ ಸ್ಥಳೀಯರಿಗಾಗಿ ಎಲ್ಲ ಊರಲ್ಲೂ ಮಧ್ಯಾಹ್ನದ ಮೆನು ಇರುತ್ತದೆ. ಅಗ್ಗ, ಬಿಸಿ, ಬೇಗ ಬರುತ್ತದೆ. ಎರಡು, ಎರಡೂವರೆ ದಾಟಿದರೆ ಮುಗಿದುಹೋಗುತ್ತದೆ. ರಾತ್ರಿಗೆ ರೂಮಿನಲ್ಲೇ ಮೊಸರನ್ನ. ಹಂಗೇರಿಯಲ್ಲಿ ಈ ಮಧ್ಯಾಹ್ನದ ಊಟಕ್ಕೇ ಮೀಸಲಾದ ಸಣ್ಣ ಊಟದಮನೆಗಳಿವೆ. ಏಟ್ಕೆಝ್ದೆ ಅನ್ನುತ್ತಾರೆ. ನಾಲ್ಕೈದು ಮೇಜು, ಚೌಕಳಿ ಬಟ್ಟೆ, ಕೈಬರಹದ ಮೆನು.

ಗುರುವಾರ ಹನ್ನೆರಡೂವರೆಗೆ ಅಂಥ ಒಂದರ ಮುಂದೆ ನಿಂತಿದ್ದೆವು. ಅಮ್ಮ ತನ್ನ ಚೀಟಿ ತೆಗೆದಳು. 'ಹೂಶ್ ನೇಲ್ಕುಲ್', ಮಾಂಸ ಇಲ್ಲದೆ. ಬಡಿಸುವ ಹೆಂಗಸು ಅಮ್ಮನದ್ದೇ ವಯಸ್ಸು. ಚೀಟಿ ಓದಿ, ಅಮ್ಮನ ಮುಖ ನೋಡಿ, ಒಳಗೆ ಹೋಗಿ ಒಂದು ಸಣ್ಣ ಬಟ್ಟಲಲ್ಲಿ ಏನನ್ನೋ ತಂದು ತೋರಿಸಿದರು. ಮೂಸಿ ನೋಡು ಅನ್ನುವ ಹಾಗೆ ಕೈ ಮಾಡಿದರು. ಅಮ್ಮ ಮೂಸಿದಳು. "ಅಯ್ಯೋ, ಸಬ್ಬಸಿಗೆ!"

ಅದರ ಹೆಸರು ಟೋಕ್‌ಫೋಝೆಲೇಕ್. ಸೋರೆಕಾಯಿಯಂಥ ಒಂದು ಕಾಯಿಯನ್ನು ಉದ್ದುದ್ದ ತುರಿದು ಬೇಯಿಸುತ್ತಾರೆ. ಹುಳಿ ಕೆನೆಗೆ ಸ್ವಲ್ಪ ಹಿಟ್ಟು ಕದಡಿ ಹಾಕಿ ಮಂದ ಮಾಡುತ್ತಾರೆ. ಮೇಲೆ ಧಾರಾಳವಾಗಿ ಸಬ್ಬಸಿಗೆ ಸೊಪ್ಪು. ಫೋಝೆಲೇಕ್ ಅನ್ನೋದು ಒಂದು ಅಡುಗೆಯಲ್ಲ, ಒಂದು ಜಾತಿಯ ಅಡುಗೆ. ಪಾಲಕ್‌ನದ್ದು, ಬಟಾಣಿಯದ್ದು, ಬೇಳೆಯದ್ದು, ಆಲೂಗೆಡ್ಡೆಯದ್ದು, ಹೀಗೆ ಎಷ್ಟೋ. ಹಂಗೇರಿಯ ಮಕ್ಕಳು ಮನೆಯಲ್ಲಿ, ಸ್ಕೂಲಲ್ಲಿ ತಿನ್ನುವ ದಿನದ ಅಡುಗೆ. ಪ್ರವಾಸಿಗರ ಮೆನುವಿನಲ್ಲಿ ಇದು ಕಾಣುವುದು ಕಡಿಮೆ. ಮೇಲೆ ಮೊಟ್ಟೆಯೋ ಮಾಂಸದ ತುಂಡೋ ಇಟ್ಟು ಕೊಡುವುದು ವಾಡಿಕೆ, ಅದಕ್ಕೆ ಫೆಲ್ಟೇಟ್ ಅನ್ನುತ್ತಾರೆ. ಅದು ಬೇಡ ಅಂದರೆ ಆಯಿತು. ಬೇಳೆ, ಹುರುಳಿಕಾಯಿಯ ಬಗೆಗಳಲ್ಲಿ ಕೆಲವೊಮ್ಮೆ ಹಂದಿಯ ಕೊಬ್ಬು ಬಳಸುತ್ತಾರೆ, ಆದ್ದರಿಂದ ಕೇಳಿಯೇ ತಿನ್ನಬೇಕು.

ಅಮ್ಮ ಮೊದಲ ಚಮಚ ಬಾಯಿಗಿಟ್ಟು ನನ್ನ ಕಡೆ ತಿರುಗಿದಳು. "ಇದು ಮಜ್ಜಿಗೆಹುಳಿ. ತೆಂಗಿನಕಾಯಿ ಹಾಕಿಲ್ಲ, ಅಷ್ಟೇ." ಬಟ್ಟಲು ಖಾಲಿ ಮಾಡಿದಳು. ಬ್ರೆಡ್ಡಿನಿಂದ ಬಟ್ಟಲನ್ನು ಒರೆಸಿ ತಿಂದಳು. ರೋಮ್‌ನ ಆ ರಾತ್ರಿಯಿಂದ ನನ್ನ ಎದೆಯಲ್ಲಿ ಕೂತಿದ್ದ ಭಾರ ಆಗ ಇಳಿಯಿತು. ಬಡಿಸಿದ ಹೆಂಗಸು ಖಾಲಿ ಬಟ್ಟಲು ನೋಡಿ ಇನ್ನೊಂದು ಸೌಟು ತಂದು ಸುರಿದರು, ಅದನ್ನು ಬಿಲ್ಲಿಗೆ ಹಾಕಲಿಲ್ಲ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಅಮ್ಮ ಕನ್ನಡದಲ್ಲೇ "ಚೆನ್ನಾಗಿ ಮಾಡಿದ್ದೀರಿ" ಅಂದಳು. ಅವರು ಹಂಗೇರಿಯನ್‌ನಲ್ಲಿ ಏನೋ ಉದ್ದಕ್ಕೆ ಹೇಳಿದರು.

ಶುಕ್ರವಾರವೂ ಅಲ್ಲೇ. ಅವತ್ತು ಪಾಲಕ್, ಹಾಲು ಬೆಳ್ಳುಳ್ಳಿ ಹಾಕಿದ್ದು.

ಶನಿವಾರ ಬಾಗಿಲು ಹಾಕಿತ್ತು. ಅಂಥ ಊಟದಮನೆಗಳು ವಾರದ ದಿನ ದುಡಿಯುವವರಿಗಾಗಿ ಇರುವಂಥವು. ಅಮ್ಮ ಗಾಜಿನೊಳಗೆ ಇಣುಕಿ, ತಿರುವಿಟ್ಟ ಕುರ್ಚಿಗಳನ್ನು ನೋಡಿ, "ಸರಿ, ತರಕಾರಿ ಎಲ್ಲಿ ಸಿಗುತ್ತೆ?" ಅಂದಳು. ದಾನ್ಯೂಬ್ ನದಿಯ ಪಕ್ಕ 1897ರಲ್ಲಿ ಕಟ್ಟಿದ ದೊಡ್ಡ ಮಾರುಕಟ್ಟೆ ಇದೆ. ಕಬ್ಬಿಣದ ಕಮಾನು, ಬಣ್ಣದ ಹೆಂಚಿನ ಮಾಡು. ಮೇಲಿನ ಮಹಡಿಯಲ್ಲಿ ಪ್ರವಾಸಿಗರಿಗೆ ಲಾಂಗೋಶ್ ಮಾರುತ್ತಾರೆ. ಹುದುಗಿದ ಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಕರಿದು ಬೆಳ್ಳುಳ್ಳಿ ನೀರು ಸವರಿದ್ದು, ನಮ್ಮ ಭಟೂರದ ಹಾಗೆ. ಬರೀ ಬೆಳ್ಳುಳ್ಳಿಯದ್ದು ಕೇಳಿ, ಮೇಲೆ ರಾಶಿ ಹಾಕಿಸಿದಷ್ಟೂ ಬೆಲೆ ಏರುತ್ತದೆ. ಅಮ್ಮ ಮೇಲೆ ಹತ್ತಲೇ ಇಲ್ಲ. ಕೆಳಗೆ, ಊರಿನವರು ಚೀಲ ಹಿಡಿದು ಓಡಾಡುವ ಕಡೆ, ಒಂದು ಎಳೇ ಕಾಯಿಯನ್ನು ಉಗುರಿನಿಂದ ಒತ್ತಿ ನೋಡಿ ತಗೊಂಡಳು. ಎರಡು ಕಟ್ಟು ಕಾಪೊರ್, ಅಂದರೆ ಸಬ್ಬಸಿಗೆ. ಒಂದು ಪೊಟ್ಟಣ ಪ್ಯಾಪ್ರಿಕಾ ಪುಡಿ. ನಾನು ಮೊಸರಿನ ಡಬ್ಬಿ ಹುಡುಕಿ ತಂದೆ.

ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಂದೇ ಪಾತ್ರೆ, ಒಂದು ಮೊಂಡು ಚಾಕು. ಅಮ್ಮ ಕಾಯಿಯನ್ನು ಅವರ ಹಾಗೇ ಉದ್ದಕ್ಕೆ ಹೆರೆದಳು. ಮೊಸರಿಗೆ ಹಿಟ್ಟು ಕದಡಿದಳು. ಕೊನೆಗೆ ಎಣ್ಣೆ ಕಾಯಿಸಿ, ಊರಿಂದ ತಂದ ಜೀರಿಗೆ, ಚಿಟಿಕೆ ಇಂಗು, ಆಮೇಲೆ ಒಲೆ ಆರಿಸಿ ಅರ್ಧ ಚಮಚ ಪ್ಯಾಪ್ರಿಕಾ. ಚುಂಯ್ ಅಂತ ಒಗ್ಗರಣೆ ಬಿತ್ತು. ಕಿಟಕಿ ತೆರೆದಿತ್ತು. ಅಂಗಳದ ಆಚೆ ಬದಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿ ಗಾಳಿ ಮೂಸಿದರು. ಅಮ್ಮ ಸೌಟು ಹಿಡಿದೇ ಕಿಟಕಿಗೆ ಹೋಗಿ, ಕೈಯಲ್ಲಿದ್ದ ಸಬ್ಬಸಿಗೆ ಕಟ್ಟನ್ನು ಎತ್ತಿ ತೋರಿಸಿದಳು.